ಪಕ್ಷವನ್ನೂ ಬಿಡಬೇಡಿ, ಹುಡುಗನನ್ನೂ ಬಿಡಬೇಡಿ

ಓದುಗರ ಪ್ರಶ್ನೆ, ವಕೀಲಬಾಯಿ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ಯಾಂಕ್ ನಾಮಿನಿ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: ಸಲಿಂಗಿಗಳಿಗೆ ಸಿಕ್ಕ ಹಕ್ಕುಗಳಲ್ಲಿ ಕೆಲವು ಸಂಪ್ರದಾಯಸ್ಥ ರಾಜಕಾರಣಿಗಳ ಕೈಯಿಂದಲೇ ಬಂದಿವೆ ಎಂದು. ಆಸ್ತಿ ವಾಟ್ನಿ ಜಗಳಕ್ಕೂ ಇಷ್ಟು ಪತ್ರ ಬಂದಿರಲಿಲ್ಲ. ಬೈಗುಳ ಇದ್ದವನ್ನು ಬದಿಗಿಟ್ಟು ಉಳಿದವುಗಳಲ್ಲಿ ಕೆಲವನ್ನು ಆರಿಸಿದ್ದೇನೆ. ಹೆಸರು ಯಾರದೂ ಹಾಕಿಲ್ಲ.

ಅಕ್ಕಾವ್ರಿಗೆ ನಮಸ್ಕಾರ. ನಾ ಅಥಣಿ ತಾಲೂಕಿನ ರೈತ. ಕಬ್ಬು ಐತಿ, ಸ್ವಲ್ಪ ದ್ರಾಕ್ಷಿ ಐತಿ. ಹರೇದಾಗಿಂದ ಒಂದ ಪಕ್ಷ, ಒಂದ ವಿಚಾರ. ಗ್ವಾಡಿ ಮ್ಯಾಲೆ ಚಿಹ್ನೆ ಬರದಾಂವ, ಬೂತಿನಾಗ ಕುಂತಾಂವ. ತಮ್ಮ ತೀರಿಕೊಂಡ ಮ್ಯಾಲೆ ಅವನ ಮಗನ್ನ ನಾನ ಓದಿಸೇನಿ, ಈಗ ಪುಣೇದಾಗ ನೌಕರಿ. ದೀಪಾವಳಿಗೆ ಬಂದಾಗ ಜಮಖಂಡಿ ಕಡೆದೊಂದು ಕನ್ಯಾ ಐತಿ ಅಂತ ಮಾತು ತಗದೆ. "ಕಾಕಾ, ನನಗ ಲಗ್ನ ಬ್ಯಾಡ, ನಾ ಗೇ" ಅಂದ. ನಾ ದನಿ ಏರಿಸಿದೆ. "ನಿಮ್ಮಂಥಾ ಪಕ್ಷದವ್ರಿಂದನ ನಮಗ ಈ ಗತಿ" ಅಂತ ಚೀಲ ತಗೊಂಡು ಹ್ವಾದ. ಮಿರಜ್‌ನಾಗ ಡಾಕ್ಟರಿಗೆ ತೋರಿಸಿದ್ರ ಸರಿ ಆಗ್ತದ ಅಂತಾರ ಬೀಗರು. ಲಗ್ನ ಮಾಡಿದ್ರ ತಾನ ಸರಿಹೋಗ್ತಾನ ಅಂತಾಳ ನಮ್ಮ ಅವ್ವ. ನಾ ಏನ ಮಾಡ್ಲಿ? ಪಕ್ಷ ಬಿಡಬೇಕೇನು? ನಮ್ಮ ವಿಚಾರದಾಗ ಇದ್ದಕೊಂಡ ಇಂಥವ್ರ ಬೆನ್ನಿಗೆ ನಿಂತವ್ರು ಎಲ್ಲೆರ ಅದಾರೇನು?

ಡಾಕ್ಟರ ಮಾತು ಮೊದಲು ಮುಗಿಸಿಬಿಡೋಣ. ತೋರಿಸಲು ರೋಗವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆ ಅಲ್ಲ ಎಂದಿತು. "ಬದಲಾಯಿಸಿ ಕೊಡುತ್ತೇನೆ" ಎಂದು ಹಣ ತೆಗೆದುಕೊಳ್ಳುವ ಡಾಕ್ಟರ ನಡತೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆದಿದೆ. ಬೀಗರಿಗೆ ಇಷ್ಟು ಹೇಳಿ ಚಾ ಕೊಟ್ಟು ಕಳಿಸಿ.

ಇನ್ನು ನಿಮ್ಮ ತಾಯಿಯವರ ಮಾತು. ಇದು ಹೆಚ್ಚು ಅಪಾಯದ್ದು, ಯಾಕೆಂದರೆ ಪ್ರೀತಿಯಿಂದ ಬರುತ್ತದೆ. ಬೆಳಗಾವಿ ಕೋರ್ಟಿನಲ್ಲಿ ನಾನು ಕೋಟು ಹಾಕಿಕೊಂಡ ವರ್ಷಗಳಲ್ಲಿ ಇಂಥ ಲಗ್ನಗಳ ಇನ್ನೊಂದು ತುದಿಯನ್ನು ನೋಡಿದ್ದೇನೆ. ಒಬ್ಬಳು ಹೆಣ್ಣುಮಗಳು, ಬೈಲಹೊಂಗಲ ಕಡೆಯವಳು, ತಂದೆಯ ಜೊತೆ ಬಂದಿದ್ದಳು. ಲಗ್ನಕ್ಕೆ ತಂದೆ ಎರಡು ಎಕರೆ ಒತ್ತಿ ಹಾಕಿದ್ದ. ಗಂಡ ಕೆಟ್ಟವನಲ್ಲ, ಹೊಡೆಯುವವನಲ್ಲ, ಕುಡಿಯುವವನಲ್ಲ, ರಾತ್ರಿ ಮಾತ್ರ ಪಡಸಾಲೆಯಲ್ಲಿ ಮಲಗುತ್ತಿದ್ದ. ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಹುಡುಗಿ ಊಟ ಬಿಟ್ಟಿದ್ದಳು. ಹುಡುಗನ ಮನೆಯವರಿಗೆ ಎಲ್ಲವೂ ಗೊತ್ತಿತ್ತು. ಲಗ್ನವಾದರೆ ಸರಿಹೋಗುತ್ತಾನೆ ಎಂದು ಅವರೂ ಅಂದುಕೊಂಡಿದ್ದರು. ಹಿಂದೂ ವಿವಾಹ ಕಾಯಿದೆಯ 12ನೇ ಕಲಂ ಪ್ರಕಾರ, ಮಹತ್ವದ ಸಂಗತಿಯನ್ನು ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಆ ಲಗ್ನವನ್ನು ರದ್ದು ಮಾಡಿಸಬಹುದು. ಆದರೆ ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಹುಡುಗಿಗೆ ಏನಾಗುತ್ತಿದೆ ಎಂದು ತಿಳಿಯುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಹಿಡಿದಿತ್ತು. ತಿಳಿದದ್ದು ಯಾವ ದಿನ ಎಂಬುದರ ಮೇಲೆಯೇ ಎದುರು ವಕೀಲರು ತಾಸುಗಟ್ಟಲೆ ಪಾಟೀಸವಾಲು ಮಾಡಿದರು.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ನೀವು ಸಂಪ್ರದಾಯಸ್ಥರು. ಮನೆತನದ ಮರ್ಯಾದೆ, ಕೊಟ್ಟ ಮಾತು, ಹೆಣ್ಣು ಕೊಟ್ಟವರ ಎದುರು ತಲೆ ಎತ್ತಿ ನಿಲ್ಲುವುದು ನಿಮಗೆ ದೊಡ್ಡದು. ಹಾಗಿದ್ದರೆ ಜಮಖಂಡಿಯ ಆ ತಂದೆಯ ಜಾಗದಲ್ಲಿ ಒಮ್ಮೆ ಕೂತು ನೋಡಿ. ನಿಮ್ಮ ಹುಡುಗ ಬಾಯಿಬಿಟ್ಟು ನಿಜ ಹೇಳಿದ್ದರಿಂದ ಯಾರದೋ ಮನೆಯ ಮಗಳು ಉಳಿದಳು. ನಮ್ಮ ಕಡೆ ಮರ್ಯಾದಸ್ಥ ಅನ್ನುವುದು ಇಂಥವನಿಗೇ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನಿಂತವರು ಇದ್ದಾರೆ, ಮತ್ತು ಅವರಲ್ಲಿ ಕೆಲವರು ನಿಮ್ಮ ಹಾಗೆಯೇ ಮನೆಯೊಳಗಿನಿಂದ ಈ ಮಾತಿಗೆ ಬಂದವರು. ಅಮೆರಿಕದ ಓಹಾಯೊ ರಾಜ್ಯದ ರಾಬ್ ಪೋರ್ಟ್‌ಮನ್ ಎಂಬ ರಿಪಬ್ಲಿಕನ್ (ಅಲ್ಲಿನ ಸಂಪ್ರದಾಯಸ್ಥ ಪಕ್ಷದ) ನಾಯಕರನ್ನೇ ನೋಡಿ. ಮದುವೆ ಎಂದರೆ ಗಂಡು-ಹೆಣ್ಣಿನದು ಮಾತ್ರ ಎಂದು ಅಲ್ಲಿ 1996ರಲ್ಲಿ ಕಾಯಿದೆ ಮಾಡಿದಾಗ ಅವರು ಅದರ ಪರ ಮತ ಹಾಕಿದ್ದರು. 2011ರಲ್ಲಿ, ಕಾಲೇಜಿನಲ್ಲಿದ್ದ ಮಗ ತಾನು ಗೇ ಎಂದ. ಅವರು ಪಕ್ಷ ಬಿಡಲಿಲ್ಲ. ಎರಡು ವರ್ಷ ಯೋಚನೆ ಮಾಡಿ 2013ರಲ್ಲಿ ತಮ್ಮ ನಿಲುವು ಬದಲಾಗಿದೆ ಎಂದು ಎಲ್ಲರೆದುರು ಹೇಳಿದರು. 2022ರಲ್ಲಿ ಅದೇ ಹಳೆಯ ಕಾಯಿದೆಯನ್ನು ರದ್ದು ಮಾಡಿ ಸಲಿಂಗ ಮದುವೆಗೆ ರಕ್ಷಣೆ ಕೊಡುವ ಮಸೂದೆ ಬಂದಾಗ, ಸೆನೆಟ್‌ನಲ್ಲಿ ಪರ ನಿಂತ ಹನ್ನೆರಡು ರಿಪಬ್ಲಿಕನ್ನರಲ್ಲಿ ಅವರೂ ಒಬ್ಬರು. ತಾವೇ ಕಟ್ಟಿದ ಗೋಡೆಗೆ ತಾವೇ ಬಾಗಿಲು ಕೊರೆದರು. ಮಗ ಮಾತ್ರ ಎರಡು ವರ್ಷ ಕಾಯಬೇಕಾಯಿತು. ನೀವು ಅಷ್ಟು ತಡ ಮಾಡಬೇಡಿ.

ಅದಕ್ಕೂ ಹಿಂದಿನದು ಬೇಕಾದರೆ, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಸಲಿಂಗಿಗಳು ಸರಕಾರಿ ಶಾಲೆಯಲ್ಲಿ ಪಾಠ ಮಾಡಕೂಡದು ಎಂಬ ಪ್ರಸ್ತಾವ ಜನಮತಕ್ಕೆ ಬಂತು. ತಂದವರು ರೇಗನ್‌ರ ಪಕ್ಷದವರೇ. ರೇಗನ್ ಅಧ್ಯಕ್ಷಗಿರಿಯ ಮೇಲೆ ಕಣ್ಣಿಟ್ಟಿದ್ದ ಕಾಲ, ಧರ್ಮನಿಷ್ಠರ ಓಟು ಬೇಕೇ ಬೇಕು. ಆದರೂ ಪ್ರಸ್ತಾವದ ವಿರುದ್ಧ ಪತ್ರಿಕೆಯಲ್ಲಿ ಬರೆದರು. ಇದು ದಡಾರದ ಹಾಗೆ ಅಂಟುವ ರೋಗವಲ್ಲ ಎಂಬುದು ಅವರ ವಾದದಲ್ಲಿ ಒಂದು. ಯಾವ ಹುಡುಗ ಬೇಕಾದರೂ ಸಿಟ್ಟಿಗೆ ಮಾಸ್ತರರ ಮೇಲೆ ಸುಳ್ಳು ಹೇಳಿ ನೌಕರಿ ಕಳೆಯಬಹುದು ಎಂಬುದು ಇನ್ನೊಂದು. ಪ್ರಸ್ತಾವ ಬಿತ್ತು. ಸರಕಾರ ಮನುಷ್ಯನ ಖಾಸಗಿ ಬದುಕಿನೊಳಗೆ ಕಾಲಿಡಬಾರದು ಎಂಬುದೂ ಸಂಪ್ರದಾಯಸ್ಥರ ಹಳೆಯ ವಿಚಾರವೇ; ರೇಗನ್ ಅದನ್ನೇ ಹಿಡಿದರು.

ಟೆಡ್ ಓಲ್ಸನ್ ಎಂಬ ವಕೀಲರೂ ಇದ್ದರು (ನಮ್ಮ ವೃತ್ತಿಯವರನ್ನು ಬಿಡಲಾಗುವುದಿಲ್ಲ). 2000ದ ಚುನಾವಣೆ ವ್ಯಾಜ್ಯದಲ್ಲಿ ಬುಷ್‌ರನ್ನು ಗೆಲ್ಲಿಸಿದವರು ಅವರು. ಆಮೇಲೆ, ಆ ವ್ಯಾಜ್ಯದಲ್ಲಿ ತಮ್ಮ ಎದುರು ವಾದಿಸಿದ್ದ ವಕೀಲರನ್ನೇ ಜೊತೆಗೆ ಕರೆದುಕೊಂಡು ಕ್ಯಾಲಿಫೋರ್ನಿಯಾದ ಸಲಿಂಗ ಮದುವೆ ನಿಷೇಧದ ವಿರುದ್ಧ ಕೋರ್ಟಿಗೆ ಹೋದರು. ಇಬ್ಬರು ಪರಸ್ಪರ ಜವಾಬ್ದಾರಿ ಹೊತ್ತು ಸಂಸಾರ ಕಟ್ಟುತ್ತೇವೆ ಅಂದರೆ ಅದನ್ನು ಮೊದಲು ಸ್ವಾಗತಿಸಬೇಕಾದವರು ಸಂಪ್ರದಾಯಸ್ಥರು ಎಂಬುದು ಅವರ ವಾದ. ನಿಮ್ಮ ಪಕ್ಷದ ಮೀಟಿಂಗಿನಲ್ಲಿ ಮಾತು ಬಂದರೆ ಇದನ್ನೇ ಹೇಳಿ. ಹಕ್ಕು, ಕ್ರಾಂತಿ ಅಂತೆಲ್ಲ ಶುರು ಮಾಡಿದರೆ ಎದುರಿಗಿದ್ದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಸಂಸಾರ, ಜವಾಬ್ದಾರಿ, ಇನ್ನೊಬ್ಬರ ಮಗಳಿಗೆ ಮೋಸ ಆಗಬಾರದು ಎಂದರೆ ಕೇಳುತ್ತಾರೆ.

ನಮ್ಮಲ್ಲಿಯೂ ಬಾಗಿಲು ಪೂರ್ತಿ ಹಾಕಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮನ್ನು 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಆ ತೀರ್ಪನ್ನು ಮರುಪರಿಶೀಲಿಸಬೇಕು ಎಂದು 2015ರಲ್ಲಿ ಬಹಿರಂಗವಾಗಿ ಹೇಳಿದವರು ಅರುಣ್ ಜೇಟ್ಲಿ, ಆಗ ಅವರು ಹಣಕಾಸು ಸಚಿವರು. ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆ, ನಮ್ಮ ಸೊರಬದ ಕಡೆಯವರು, 2016ರಲ್ಲಿ ಇದು ಅಪರಾಧವಲ್ಲ ಎಂದರು. ಮರುದಿನವೇ, ಅಪರಾಧವಲ್ಲ ಆದರೆ ಸಮಾಜದ ದೃಷ್ಟಿಯಲ್ಲಿ ಅನೈತಿಕ, ಮನೋರೋಗದಂತೆ ನೋಡಬೇಕು, ಮದುವೆ ಕೂಡದು ಎಂದೂ ಸೇರಿಸಿದರು. 2023ರ ಜನವರಿಯಲ್ಲಿ ಮೋಹನ್ ಭಾಗವತ್ ತಮ್ಮ ಸಂಘದ ಪತ್ರಿಕೆಗಳಿಗೆ ಕೊಟ್ಟ ಸಂದರ್ಶನದಲ್ಲಿ, ಇಂಥವರು ಮೊದಲಿನಿಂದಲೂ ಸಮಾಜದಲ್ಲಿದ್ದಾರೆ, ಅವರಿಗೂ ಬದುಕುವ ಹಕ್ಕಿದೆ ಎಂದು ಹೇಳಿ ಮಹಾಭಾರತದ ಜರಾಸಂಧನ ಸೇನಾಪತಿಗಳಾದ ಹಂಸ-ಡಿಂಭಕರನ್ನು ನೆನೆದರು. ಅದೇ ವರ್ಷ ಕೇಂದ್ರ ಸರಕಾರ ಸಲಿಂಗ ಮದುವೆಯನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ವಿರೋಧಿಸಿತು. ಒಂದು ಹೆಜ್ಜೆ ಮುಂದೆ, ಮುಕ್ಕಾಲು ಹೆಜ್ಜೆ ಹಿಂದೆ. ಆದರೆ ನಿಮ್ಮ ಮನೆಯ ಹುಡುಗನನ್ನು ನೀವು ಸೇರಿಸಿಕೊಂಡರೆ ವಿಚಾರದ್ರೋಹ ಎಂದು ಹೇಳುವ ಬಾಯಿ ನಿಮ್ಮ ಪಕ್ಷದಲ್ಲಿ ಯಾರಿಗೂ ಇಲ್ಲ. ಇದ್ದರೆ ಹಂಸ-ಡಿಂಭಕರ ಕಥೆ ಓದಲು ಹೇಳಿ.

ಪಕ್ಷ ಬಿಡಬೇಡಿ. ನೀವು ಹೊರಗೆ ಬಂದರೆ ನಿಮ್ಮೂರ ಕಟ್ಟೆಯಲ್ಲಿ ಈ ಮಾತು ಆಡುವ ಒಬ್ಬನೂ ಒಳಗೆ ಉಳಿಯುವುದಿಲ್ಲ. ಹುಡುಗನಿಗೆ ಇವತ್ತೇ ಫೋನ್ ಮಾಡಿ. ರಾಜಕೀಯ ಎತ್ತಬೇಡಿ, ಲಗ್ನ ಎತ್ತಬೇಡಿ. ದ್ರಾಕ್ಷಿ ಈ ಸಲ ಹೇಗಿದೆ ಎಂದು ಹೇಳಿ, ಯಾವಾಗ ಬರುತ್ತೀ ಕೇಳಿ. ಜಮಖಂಡಿಯವರಿಗೆ ಮಾತ್ರ "ಹುಡುಗ ಈಗ ಬ್ಯಾಡ ಅಂತಾನ" ಎಂದಷ್ಟೇ ಹೇಳಿ ಮುಗಿಸಿ. ಕಾರಣ ಹೇಳುವ ಹಕ್ಕು ಅವನದು, ನಿಮ್ಮದಲ್ಲ.

ನಮ್ಮ ಎಮ್ಮೆಲ್ಲೆ ಈ ವಿಷಯವನ್ನು ಸುವರ್ಣಸೌಧದ ಅಧಿವೇಶನದಲ್ಲಿ ಎತ್ತುತ್ತಾರೆಯೇ? (ಚಿಕ್ಕೋಡಿ)

ಮೊದಲು ಕಬ್ಬಿನ ಬಾಕಿ ಎತ್ತಲಿ, ಆಮೇಲೆ ನೋಡೋಣ.

ಮೇಡಂ, ನಾನು ವಿಜಯಪುರದಲ್ಲಿ ಎಂ.ಎ. ಓದುತ್ತಿದ್ದೇನೆ. ನಿಮ್ಮ ಸಾಲು ಓದಿ ಬೇಸರವಾಯಿತು. ಕಳ್ಳ ಕದ್ದ ಹಣವನ್ನು ತಂದುಕೊಟ್ಟರೆ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆ? ಬೀದಿಗೆ ಇಳಿದವರು, ಪೊಲೀಸರ ಏಟು ತಿಂದವರು, ಕೋರ್ಟಿಗೆ ಅಲೆದವರು ಬೇರೆಯವರು. ಕೊನೆಗೆ ಬಂದು ಸಹಿ ಹಾಕಿದವರಿಗೆ ಶ್ರೇಯಸ್ಸು ಯಾಕೆ?

ನಿನ್ನ ಪತ್ರದಲ್ಲಿ ಸಿಟ್ಟಿದೆ, ಲೆಕ್ಕವೂ ಇದೆ. ಲೆಕ್ಕವನ್ನು ಇನ್ನಷ್ಟು ಸರಿಯಾಗಿ ಮಾಡೋಣ, ನಿನಗೇ ಉಪಯೋಗ.

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ ನಿನ್ನ ವಾದಕ್ಕೆ ಹೇಳಿಮಾಡಿಸಿದ ಉದಾಹರಣೆ. 1960ರ ದಶಕದಲ್ಲಿ ಸಲಿಂಗ ಸಂಬಂಧವನ್ನು ಅಪರಾಧದಿಂದ ಬಿಡಿಸುವ ಮಸೂದೆಗೆ ಪರವಾಗಿ ಮತ ಹಾಕಿದ ಕೆಲವೇ ಕನ್ಸರ್ವೇಟಿವರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರು. ಅದೇ ಥ್ಯಾಚರ್ ಪ್ರಧಾನಿಯಾಗಿದ್ದಾಗ, 1988ರಲ್ಲಿ, ಸೆಕ್ಷನ್ 28 ಬಂತು: ಸ್ಥಳೀಯ ಆಡಳಿತಗಳು ಸಲಿಂಗ ಬದುಕಿಗೆ ಪ್ರೋತ್ಸಾಹ ಕೊಡಬಾರದು, ಶಾಲೆಗಳಲ್ಲಿ ಅದನ್ನು ಒಪ್ಪತಕ್ಕ ಸಂಸಾರವೆಂದು ಕಲಿಸಬಾರದು. ತಬ್ಬಿಬ್ಬಾದ ಹುಡುಗ ಮಾಸ್ತರರ ಹತ್ತಿರ ಬಂದರೂ ಮಾಸ್ತರರು ಬಾಯಿ ಬಿಡಲು ಹೆದರುವಂತಾಯಿತು. ಇಂಗ್ಲೆಂಡಿನಲ್ಲಿ ಆ ಕಲಂ ಹೋದದ್ದು 2003ರಲ್ಲಿ, ಲೇಬರ್ ಸರಕಾರದ ಕಾಲಕ್ಕೆ. ಮುಂದೆ ಪ್ರಧಾನಿಯಾದ ಡೇವಿಡ್ ಕ್ಯಾಮರಾನ್ 2009ರಲ್ಲಿ ಅದಕ್ಕಾಗಿ ಪಕ್ಷದ ಪರವಾಗಿ ಕ್ಷಮೆ ಕೇಳಿದರು. 2011ರಲ್ಲಿ ಪಕ್ಷದ ಸಮಾವೇಶದಲ್ಲಿ, ತಾನು ಕನ್ಸರ್ವೇಟಿವ್ ಆಗಿರುವುದರಿಂದಲೇ ಸಲಿಂಗ ಮದುವೆಯನ್ನು ಬೆಂಬಲಿಸುತ್ತೇನೆ ಎಂದರು. 2013ರ ಫೆಬ್ರುವರಿಯಲ್ಲಿ ಮಸೂದೆ 400-175 ಮತಗಳಿಂದ ಮುಂದೆ ಹೋಯಿತು. ಆದರೆ ಕ್ಯಾಮರಾನ್‌ರ ಸ್ವಂತ ಪಕ್ಷದಲ್ಲಿ ಪರ ಬಿದ್ದದ್ದು 127, ವಿರುದ್ಧ 136! ಬೇರೆ ಪಕ್ಷಗಳವರು ಕೈ ಎತ್ತದಿದ್ದರೆ ಪ್ರಧಾನಿಯ ಮಸೂದೆ ಪ್ರಧಾನಿಯ ಪಕ್ಷದಿಂದಲೇ ಬೀಳುತ್ತಿತ್ತು. ಶಾಲು ಬೇಡ ಎನ್ನುವೆಯಾದರೆ ನನ್ನ ತಕರಾರಿಲ್ಲ.

ಆದರೆ ಆ 127ನ್ನು ತೆಗೆದು ನೋಡು. ಗೆಲುವು ಬರೀ ಒಂದು ಬಣದ್ದಾಗುತ್ತಿತ್ತು. ಮುಂದಿನ ಚುನಾವಣೆಯಲ್ಲಿ ಸರಕಾರ ಬದಲಾದರೆ ಕಾಯಿದೆ ಉಳಿಯುತ್ತದೆಯೇ ಎಂದು ಪ್ರತಿ ಐದು ವರ್ಷಕ್ಕೆ ಉಸಿರು ಬಿಗಿಹಿಡಿಯಬೇಕಾಗುತ್ತಿತ್ತು. ಎರಡೂ ಬಣದ ಸಹಿ ಬಿದ್ದ ಕಾಗದವನ್ನು ಹರಿಯುವುದು ಕಷ್ಟ. ಆಸ್ತಿ ವ್ಯಾಜ್ಯದಲ್ಲಿ ನಾವು ವಕೀಲರು ರಾಜಿ ಡಿಕ್ರಿಗೆ ಯಾಕೆ ಹಾತೊರೆಯುತ್ತೇವೆ ಅಂದುಕೊಂಡೆ? ಗೆದ್ದ ಡಿಕ್ರಿಯ ಮೇಲೆ ಅಪೀಲು ಬರುತ್ತದೆ, ಒಪ್ಪಿ ಮಾಡಿಕೊಂಡದ್ದರ ಮೇಲೆ ಬರುವುದು ಅಪರೂಪ.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಇದೇ. ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2003ರ ತೀರ್ಪು, ಮದುವೆಯ ಹಕ್ಕು ಕೊಟ್ಟ 2015ರ ತೀರ್ಪು, ಎರಡನ್ನೂ ಬರೆದವರು ರೇಗನ್ ನೇಮಿಸಿದ ನ್ಯಾಯಮೂರ್ತಿ ಆಂಥನಿ ಕೆನಡಿ. ಸಲಿಂಗಿ ಎಂದು, ಟ್ರಾನ್ಸ್‌ಜೆಂಡರ್ ಎಂದು ನೌಕರಿಯಿಂದ ತೆಗೆಯುವಂತಿಲ್ಲ ಎಂಬ 2020ರ ತೀರ್ಪು ಬರೆದವರು ಟ್ರಂಪ್ ನೇಮಿಸಿದ ನೀಲ್ ಗೋರ್ಸಚ್. ಮನಸ್ಸು ಕರಗಿ ಬರೆದದ್ದೂ ಅಲ್ಲ, ಕಾಯಿದೆಯ ಅಕ್ಷರ ಹಿಡಿದು ಬರೆದದ್ದು. ಇನ್ನೊಂದು ಕಡೆ, ಸಲಿಂಗ ಮದುವೆಗೆ ಮಾನ್ಯತೆ ನಿರಾಕರಿಸಿದ 1996ರ ಆ ಹಳೆಯ ಕಾಯಿದೆಗೆ ಸಹಿ ಹಾಕಿದ ಅಧ್ಯಕ್ಷರು ಯಾರು? ಡೆಮಾಕ್ರಟ್ ಪಕ್ಷದ ಬಿಲ್ ಕ್ಲಿಂಟನ್.

ನಮ್ಮಲ್ಲೂ ಬಣ್ಣ ಹಚ್ಚುವ ಮೊದಲು ಕಡತ ನೋಡಬೇಕು. 377ನೇ ಕಲಂ ಕುರಿತು ದಿಲ್ಲಿ ಹೈಕೋರ್ಟಿನಲ್ಲಿ 2008ರಲ್ಲಿ ವಾದ ನಡೆದಾಗ ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರಕಾರ. ಗೃಹ ಇಲಾಖೆ ಕಲಂ ಇರಲಿ ಎಂದಿತು, ಅದೇ ಸರಕಾರದ ಆರೋಗ್ಯ ಇಲಾಖೆ ಬೇಡ ಎಂದಿತು. 2015ರ ಡಿಸೆಂಬರಿನಲ್ಲಿ ಶಶಿ ತರೂರ್ ಈ ಕಲಂ ತಿದ್ದುವ ಖಾಸಗಿ ಮಸೂದೆ ತಂದಾಗ ಲೋಕಸಭೆ ಅದನ್ನು ಮಂಡಿಸುವುದಕ್ಕೇ ಬಿಡಲಿಲ್ಲ: ವಿರುದ್ಧ 71, ಪರ 24. ಐನೂರಕ್ಕೂ ಹೆಚ್ಚು ಜನರ ಸದನದಲ್ಲಿ ಉಳಿದವರೆಲ್ಲಿ? ತರೂರ್‌ರ ಪಕ್ಷದವರನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಆ ಕೆಲಸ ಮಾಡಿದರು; ಬಿಜೆಪಿ ನೇತೃತ್ವದ ಕೇಂದ್ರ ಸರಕಾರ ವಿರೋಧಿಸಲೂ ಇಲ್ಲ, ಬೆಂಬಲಿಸಲೂ ಇಲ್ಲ, ಕೋರ್ಟಿನ ವಿವೇಕಕ್ಕೆ ಬಿಟ್ಟಿದ್ದೇವೆ ಎಂದಿತು.

ಕರ್ನಾಟಕದ ಕಥೆ ಇನ್ನೂ ಸ್ವಾರಸ್ಯ. 2011ರಲ್ಲಿ ನಮ್ಮ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಂ ಸೇರಿತು. ಹಿಜಡಾಗಳ ಹೆಸರು, ಮನೆ ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರ ಪೊಲೀಸರಿಗೆ. ಬ್ರಿಟಿಷರು 1871ರಲ್ಲಿ ಮಾಡಿದ್ದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪಡಿಯಚ್ಚು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಕಲಮಿನಿಂದ 'ಯೂನಕ್' (ಹಿಜಡಾ) ಎಂಬ ಪದ ಹೋಯಿತು. ಕಲಂ ತಂದಾಗ ಇದ್ದದ್ದು ಬಿಜೆಪಿ ಸರಕಾರ. ಹತ್ತು ವರ್ಷದ ಮೇಲೆ, 2021ರ ಜುಲೈನಲ್ಲಿ, ಸರಕಾರಿ ನೌಕರಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ಕರ್ನಾಟಕ. ಆಗಲೂ ಬಿಜೆಪಿ ಸರಕಾರ. ಕೊಡುವ ಮನಸ್ಸು ತಾನಾಗಿ ಬರಲಿಲ್ಲ. ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ತಮಗೆ ಜಾಗವಿಲ್ಲ ಎಂದು 'ಸಂಗಮ' ಸಂಸ್ಥೆ ಹೈಕೋರ್ಟಿಗೆ ಹೋಗಿತ್ತು. ತಳ್ಳಿದವರು ಒಬ್ಬರು, ಬಾಗಿಲು ತೆರೆದವರು ಇನ್ನೊಬ್ಬರು. ನೀನು ತಳ್ಳಿದವರ ಇತಿಹಾಸ ಬರೆ, ಅದೇ ಮುಖ್ಯ. ಆದರೆ ಬಾಗಿಲ ಒಳಗೆ ಕೂತವರಲ್ಲಿ ಚಿಲಕ ತೆಗೆಯುವವರು ಯಾರು ಎಂದು ಗುರುತಿಟ್ಟುಕೊಳ್ಳದ ಚಳವಳಿ ಬಾಗಿಲಲ್ಲೇ ನಿಲ್ಲುತ್ತದೆ. ನಿನ್ನ ಎಂ.ಎ. ಪ್ರಬಂಧಕ್ಕೆ ವಿಷಯ ಸಿಗದಿದ್ದರೆ ಆ 2011ರಿಂದ 2021ರವರೆಗಿನ ಹತ್ತು ವರ್ಷ ತಗೋ.

ಐರ್ಲೆಂಡಿನ ಪ್ರಧಾನಿಯಾಗಿದ್ದ ಸಲಿಂಗಿ ನಾಯಕರೊಬ್ಬರು ನಮ್ಮ ಕಡೆಯವರಂತೆ, ಹೌದೇ? (ಖಾನಾಪುರ)

ನಮ್ಮ ಕಡೆ ಅಂದರೆ ಅಂಬೋಲಿ ಘಾಟು ಇಳಿಯಬೇಕು. ಲಿಯೋ ವರಾಡ್ಕರ್ ಅವರ ತಂದೆಯ ಮನೆತನ ಸಿಂಧುದುರ್ಗ ಜಿಲ್ಲೆ ಮಾಲ್ವಣ ತಾಲೂಕಿನ ವರಾಡ ಎಂಬ ಹಳ್ಳಿಯದು. ಬೆಳಗಾವಿಯವರು ಮೀನು ತಿನ್ನಲು ಮಾಲ್ವಣಕ್ಕೆ ಹೋಗುವಾಗ ಆ ಸುತ್ತಿನಲ್ಲೇ ಹಾಯುತ್ತಾರೆ. 2019ರ ಡಿಸೆಂಬರಿನಲ್ಲಿ ಪ್ರಧಾನಿಯಾಗಿದ್ದಾಗ ಅವರು ಆ ಹಳ್ಳಿಗೆ ಬಂದಿದ್ದರು, ಊರವರು ಮೆರವಣಿಗೆ ಸಂಭ್ರಮದಲ್ಲಿ ಬರಮಾಡಿಕೊಂಡರು.

ಈ ಸಲದ ವಿಷಯಕ್ಕೂ ಅವರು ಬೇಕಾದವರೇ. ಅವರ ಪಕ್ಷ ಫಿನ ಗೇಲ್ ಬಲಕ್ಕೆ ವಾಲಿದ ಪಕ್ಷ. ದೇಶವೋ ಗಟ್ಟಿ ಕ್ಯಾಥೊಲಿಕ್. ಸಲಿಂಗ ಸಂಬಂಧ ಅಲ್ಲಿ 1993ರವರೆಗೆ ಅಪರಾಧ, ವಿಚ್ಛೇದನಕ್ಕೆ ಜನರು ಒಪ್ಪಿಗೆ ಕೊಟ್ಟದ್ದೇ 1995ರಲ್ಲಿ, ಅದೂ ಕೂದಲೆಳೆಯಲ್ಲಿ. ಅಂಥ ದೇಶದಲ್ಲಿ 2015ರ ಜನವರಿಯಲ್ಲಿ, ಆರೋಗ್ಯ ಸಚಿವರಾಗಿದ್ದ ವರಾಡ್ಕರ್ ರೇಡಿಯೊದಲ್ಲಿ ತಾನು ಗೇ ಎಂದರು. ಅದೇ ಮೇ 22ರಂದು ಸಲಿಂಗ ಮದುವೆಗೆ ಜನಮತ ನಡೆದು ಶೇಕಡಾ 62 ಜನ ಹೌದು ಎಂದರು. ಜನಮತದ ಮೂಲಕ ಇದನ್ನು ಒಪ್ಪಿದ ಮೊದಲ ದೇಶ ಅದು. ಹೇಗೆ ಗೆದ್ದರು ಅಂದರೆ ಮನೆ ಮನೆಗೆ ಹೋಗಿ ಮನೆಯವರೇ ಮಾತಾಡಿದರು. ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್, ಚರ್ಚಿಗೆ ನಡೆದುಕೊಳ್ಳುವ ಹೆಣ್ಣುಮಗಳು, ಗೇ ಮಗನ ತಾಯಿಯಾಗಿ ಎದ್ದುನಿಂತು ಮಾತಾಡಿದರು. ಎರಡು ವರ್ಷದಲ್ಲಿ ವರಾಡ್ಕರ್ ಪ್ರಧಾನಿ. ಈಗ ವರಾಡದಲ್ಲಿ ಯಾರಾದರೂ ಹುಡುಗ ಮನೆಯಲ್ಲಿ ನಿಜ ಹೇಳಿದರೆ ಅವನಿಗೂ ಮೆರವಣಿಗೆ ಮಾಡುತ್ತಾರೆಯೇ ಎಂದು ಕೇಳಬೇಡಿ.

ಇದೆಲ್ಲ ವಿದೇಶದಿಂದ ಬಂದ ರೋಗ. ನಮ್ಮ ಸಂಸ್ಕೃತಿಯಲ್ಲಿ ಇಂಥದು ಇರಲಿಲ್ಲ. ಉತ್ತರ ಕೊಡುವ ಧೈರ್ಯ ಇದೆಯೇ? (ಮುಧೋಳ)

ವಿದೇಶದಿಂದ ಬಂದದ್ದು ಶಿಕ್ಷೆ. 377ನೇ ಕಲಂ ಬ್ರಿಟಿಷರ ಕಾಲದ ಮೆಕಾಲೆಯ ಕರಡಿನಿಂದ ಹುಟ್ಟಿ 1860ರಲ್ಲಿ ಕಾಯಿದೆಯಾಗಿ 1862ರಲ್ಲಿ ಜಾರಿಗೆ ಬಂತು. ನಮ್ಮ ಸಂಸ್ಕೃತಿ ನೋಡಬೇಕಿದ್ದರೆ ಮುಧೋಳದಿಂದ ಸವದತ್ತಿ ಏನು ದೂರವಲ್ಲ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ. ಹಡ್ಡಲಗಿ ಹಿಡಿದು, ಚೌಡಿಕೆ ಬಾರಿಸುತ್ತ, ಗಂಡಾಗಿ ಹುಟ್ಟಿ ದೇವಿಯ ಸೇವೆಗೆ ಸೀರೆ ಉಟ್ಟು ನಿಂತ ಜೋಗಪ್ಪನ ಕಾಲಿಗೆ ಬೀಳುವವರು ನಿಮ್ಮ ಓಣಿಯವರೇ ಇರುತ್ತಾರೆ.

ಇಷ್ಟು ಹೇಳಿ ಗೆದ್ದೆ ಎಂದು ಎದೆ ತಟ್ಟಿಕೊಳ್ಳುವವರನ್ನೂ ನಾನು ಒಪ್ಪುವುದಿಲ್ಲ. ಸಂಪ್ರದಾಯ ಜೋಗಪ್ಪನಿಗೆ ಜಾಗ ಕೊಟ್ಟದ್ದು ದೇವಿಯ ಹೆಸರಿಗೆ. ಮುತ್ತು ಕಟ್ಟಿಸಿಕೊಂಡು, ಮನೆ ಬಿಟ್ಟು, ಜೋಗ ಬೇಡಿ ಬದುಕಿದರೆ ಕೈ ಮುಗಿಯುತ್ತಾರೆ. ಅದೇ ಹುಡುಗ ಪ್ಯಾಂಟು ಹಾಕಿಕೊಂಡು, ನೌಕರಿ ಮಾಡುತ್ತ, ನನಗೆ ಒಬ್ಬ ಜೊತೆಗಾರ ಇದ್ದಾನೆ ಎಂದರೆ ಗುಡ್ಡದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಬಳ್ಳಾರಿ ಕಡೆಯ ಜೋಗತಿ ಮಂಜಮ್ಮನವರು ಮನೆ, ಊರು ಎಲ್ಲ ಕಳೆದುಕೊಂಡು ಕಲೆಯ ಬಲದಿಂದ ಮೇಲೆ ಬಂದವರು. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ, 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ. ನೇಮಿಸಿದ್ದೂ ಕೊಟ್ಟದ್ದೂ ನೀವು ಸಂಸ್ಕೃತಿ ರಕ್ಷಕರು ಎನ್ನುವ ಸರಕಾರಗಳೇ. ಧೈರ್ಯದ ಪ್ರಶ್ನೆಯನ್ನು ಅವರಿಗೆ ಬರೆದು ಕೇಳಿ.

ನಾವಿಬ್ಬರೂ ಶಿಕ್ಷಕಿಯರು, ಬೆಳಗಾವಿ ಟಿಳಕವಾಡಿಯಲ್ಲಿ ಒಟ್ಟಿಗೆ ಇದ್ದೇವೆ. ಮನೆ ಮಾಲೀಕರಿಗೆ ನಾವು ಅಕ್ಕ-ತಂಗಿ. ಮದುವೆಯ ಹಕ್ಕು ನಮ್ಮ ಕಾಲಕ್ಕೆ ಬರುವ ಆಸೆಯಿಲ್ಲ. ನಾಳೆ ಒಬ್ಬಳಿಗೆ ಏನಾದರೂ ಆದರೆ ಇನ್ನೊಬ್ಬಳು ಬೀದಿಗೆ ಬೀಳಬಾರದು. ಯಾವ ಕಾಗದ ಮಾಡಿಸಬೇಕು?

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ, 2025ರ ಜನವರಿಯಲ್ಲಿ ಮರುಪರಿಶೀಲನೆ ಅರ್ಜಿಗಳೂ ಬಿದ್ದವು. ಆದರೆ ಆ ವಿಚಾರಣೆಯಲ್ಲಿ ಕೇಂದ್ರ ಸರಕಾರ, ಮದುವೆ ಬಿಟ್ಟು ಉಳಿದ ದಿನನಿತ್ಯದ ತೊಂದರೆಗಳನ್ನು ಸಂಪುಟ ಕಾರ್ಯದರ್ಶಿಯ ಸಮಿತಿಯಿಂದ ನೋಡಿಸುತ್ತೇವೆ ಎಂದು ಮಾತು ಕೊಟ್ಟಿತ್ತು. ಅದರಿಂದ 2024ರಲ್ಲಿ ಕೆಲವು ಸುತ್ತೋಲೆಗಳು ಹೊರಟವು. ದೊಡ್ಡ ಸುದ್ದಿಯಾಗಲಿಲ್ಲ, ನಿಮಗೆ ಉಪಯೋಗವಿದೆ.

ಬ್ಯಾಂಕು: ಸಲಿಂಗಿ ಜೊತೆಗಾರರು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಹಣಕಾಸು ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ನಿಮ್ಮ ಸಂಬಂಧ ಏನೆಂದು ಕೌಂಟರಿನಲ್ಲಿ ವಿವರಿಸುವ ಅಗತ್ಯವೂ ಇಲ್ಲ. ರೇಷನ್ ಕಾರ್ಡಿಗೆ ಇಂಥ ಜೊತೆಗಾರರನ್ನು ಒಂದೇ ಮನೆಯವರೆಂದು ಎಣಿಸಲು ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದಿದೆ. ಹತ್ತಿರದ ಬಂಧುಗಳು ಇಲ್ಲದಾಗ ಜೊತೆಗಾರರು ಶವ ಪಡೆಯಬಹುದು ಎಂದು ಆರೋಗ್ಯ ಇಲಾಖೆ ಬರೆದಿದೆ. ಓದಲು ಕಹಿ, ಆದರೆ ಇದಿಲ್ಲದೆ ಆಸ್ಪತ್ರೆ ಬಾಗಿಲಲ್ಲಿ ನಿಂತವರನ್ನು ಕೇಳಿದರೆ ಬೆಲೆ ತಿಳಿಯುತ್ತದೆ. ಯಾವ ಕಚೇರಿಗೆ ಹೋದರೂ ಸುತ್ತೋಲೆಯ ಪ್ರಿಂಟ್ ಜೊತೆಗಿರಲಿ. ಟೇಬಲ್ಲಿನಲ್ಲಿ ಕೂತವರು "ನಮಗ ಬಂದಿಲ್ಲರೀ" ಎನ್ನುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ನಿಜವಾಗಿಯೂ ಬಂದಿರುವುದಿಲ್ಲ.

ಇಷ್ಟಕ್ಕೇ ನಿಲ್ಲಬೇಡಿ. ನಾಮಿನಿ ಆದ ಮಾತ್ರಕ್ಕೆ ಹಣದ ಒಡತಿ ಆಗುವುದಿಲ್ಲ. ನಾಮಿನಿಯ ಕೈಗೆ ಬ್ಯಾಂಕು ಹಣ ಕೊಡುತ್ತದೆ, ವಾರಸುದಾರರು ನಂತರ ಕೇಳಬಹುದು. ಮೃತ್ಯುಪತ್ರ ಇಲ್ಲದಿದ್ದರೆ ನಿಮ್ಮ ಪಾಲು ತವರಿನವರಿಗೆ ಹೋಗುತ್ತದೆ. ಹಾಗಾಗಿ ಇಬ್ಬರೂ ಬೇರೆ ಬೇರೆ ಮೃತ್ಯುಪತ್ರ ಮಾಡಿಸಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಾಳೆ ಸಹಿ ಸುಳ್ಳು ಎನ್ನುವವರ ಬಾಯಿ ಅರ್ಧ ಮುಚ್ಚುತ್ತದೆ. ತವರಿನವರಿಗೆ ಏನೂ ಬಿಡುತ್ತಿಲ್ಲವಾದರೆ ಯಾಕೆ ಎಂದು ಅದರಲ್ಲೇ ಎರಡು ಸಾಲು ಬರೆಸಿ. ಬಾಡಿಗೆ ಕರಾರು ಇಬ್ಬರ ಹೆಸರಿಗೂ ಇರಲಿ. ಮಾಲೀಕರು ಅಕ್ಕ-ತಂಗಿ ಅಂದುಕೊಂಡಿದ್ದರೆ ಇರಲಿ ಬಿಡಿ, ಕರಾರಿನಲ್ಲಿ ಮಾತ್ರ ಆ ಸಂಬಂಧ ಬರೆಯಬೇಡಿ.

ಸಾಕ್ಷಿಗೆ ಇಬ್ಬರು ಬೇಕು, ನಿಮಗಿಂತ ಚಿಕ್ಕ ವಯಸ್ಸಿನವರಾದರೆ ಒಳ್ಳೆಯದು. ನಂಬಿಕೆಯ ಸಹೋದ್ಯೋಗಿಗಳು ಇದ್ದರೆ ಸಾಕು. ಮೃತ್ಯುಪತ್ರದಲ್ಲಿ ಏನಿದೆ ಎಂದು ಅವರು ಓದಬೇಕಾಗಿಲ್ಲ. ನೀವು ಸಹಿ ಮಾಡುವುದನ್ನು ನೋಡಿ, ನಿಮ್ಮ ಎದುರೇ ತಾವೂ ಸಹಿ ಮಾಡಿದರೆ ಕೆಲಸ ಮುಗಿಯಿತು.